ಕೋಳಿಯ ನೀರಿನ ಪಾತ್ರೆ ಎಲ್ಲಿದೆ?

ಏಣೆಲು ಕೊಯ್ಲು ಮುಗಿದು ಗದ್ದೆಯಲ್ಲಿ ಇನ್ನೂ ನೀರು ನಿಂತಿರುವ ಹೊತ್ತಿಗೆ ಹೊರನಾಡಿನ ಹಕ್ಕಿಗಳು ನಮ್ಮ ಕಡೆ ಬಂದಿಳಿಯುತ್ತವೆ. ಮಾರ್ಚ್‌ವರೆಗೂ ಇಲ್ಲೇ. ಕ್ರಿಸ್ಮಸ್‌ಗೆಂದು ಬೆಳೆಸಿದ ಹುಂಜಗಳು ಹಿತ್ತಲಲ್ಲಿ ತಿರುಗಾಡುವುದೂ ಆಗಲೇ. ಹಾಗಾಗಿ ಮನೆಯಲ್ಲಿ ಹತ್ತಿಪ್ಪತ್ತು ಊರ ಕೋಳಿ ಸಾಕಿದವರು ಈ ತಿಂಗಳುಗಳಲ್ಲಿ ಹಕ್ಕಿಜ್ವರದ ಬಗ್ಗೆ ಸ್ವಲ್ಪ ಎಚ್ಚರದಿಂದಿರಬೇಕು.

ಇದು ದೂರದ ರೋಗವಲ್ಲ. ಭಾರತದಲ್ಲಿ ಮೊದಲು ಕಂಡದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2014ರ ನವೆಂಬರಿನಲ್ಲಿ ನಮ್ಮದೇ ಕೇರಳದ ಕುಟ್ಟನಾಡಿಗೆ ಬಂತು. ಅಲ್ಲಿ ಕೊಯ್ಲಾದ ಗದ್ದೆಗೆ ಬಾತುಗಳನ್ನು ಮೇಯಲು ಬಿಡುವುದು ವಾಡಿಕೆ. ಕಾಡುಹಕ್ಕಿ ಇಳಿದ ನೀರಿಗೇ ಸಾಕುಬಾತು ಕೊಕ್ಕು ಹಾಕುತ್ತದೆ. 2020ರ ಮಾರ್ಚ್‌ನಲ್ಲಿ ರೋಗ ಕೋಝಿಕ್ಕೋಡಿನ ಕೋಳಿಗಳಲ್ಲಿ ಕಾಣಿಸಿತು.

ರೋಗಾಣು ಇರುವುದು ಹಕ್ಕಿಯ ಹಿಕ್ಕೆಯಲ್ಲಿ, ಮೂಗುಬಾಯಿಯ ದ್ರವದಲ್ಲಿ. ತಂಪು ನೀರಿನಲ್ಲಿ ಅದು ವಾರಗಟ್ಟಲೆ ಬದುಕಬಲ್ಲದು. ಕಾಡುಬಾತುಗಳು ಏನೂ ಆಗದವರಂತೆ ಅದನ್ನು ಹೊತ್ತು ತಿರುಗುವುದುಂಟು. ಆದ್ದರಿಂದ ಮೊದಲ ಕೆಲಸ, ನೀರಿನ ಪಾತ್ರೆಯನ್ನೂ ತೌಡನ್ನೂ ಅಂಗಳದ ಮೂಲೆಯಿಂದ ಎತ್ತಿ ಮಾಡಿನ ಅಡಿಗೆ ಇಡುವುದು. ಕೆರೆ, ತೋಡಿನ ನೀರು ಬೇಡ, ಬಾವಿಯ ನೀರು ಕೊಡಿ. ಉಳಿದ ಅನ್ನ ಅಂಗಳಕ್ಕೆ ಚೆಲ್ಲಿದರೆ ಕೋಳಿಗಿಂತ ಮೊದಲು ಕಾಗೆ ಬರುತ್ತದೆ. ಹಳೆಯ ಮೀನುಬಲೆ ಗೂಡಿನ ಸುತ್ತ ಕಟ್ಟಿದರೆ ಹಕ್ಕಿಗಳು ಒಳಗೆ ನುಗ್ಗಲಾರವು. ಬಾತು ಇದ್ದರೆ ಬೇರೆಯೇ ಕೂಡಿ. ಗದ್ದೆಗೆ ಹೋದ ಚಪ್ಪಲಿಯಲ್ಲೇ ಗೂಡಿಗೆ ಹೋಗಬೇಡಿ, ಅಲ್ಲಿಗೊಂದು ಹಳೆಯ ಜೋಡಿ ಇರಲಿ. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರವಾದರೂ ಪ್ರತ್ಯೇಕ ಇಡಿ. ಕೋಳಿ ಅಂಕಕ್ಕೆ ಹೋಗಿ ಬಂದ ಹುಂಜಕ್ಕೂ ಇದೇ ನಿಯಮ. ಹೋಗದಿದ್ದರೆ ಇನ್ನೂ ಒಳ್ಳೆಯದು!

ಕೊಕ್ಕರೆಗಳನ್ನು ಕಲ್ಲು ಹೊಡೆದು ಓಡಿಸಿ ಫಲವಿಲ್ಲ. ಗದ್ದೆಯ ಹುಳ ತಿನ್ನುವ ಉಪಕಾರಿಗಳು ಅವು.

ಇನ್ನೊಂದು ಗೊಂದಲವಿದೆ. ರಾಣಿಖೇತ್ ರೋಗಕ್ಕೆ ನಾವು ಕೊಕ್ಕರೆ ರೋಗ ಎನ್ನುತ್ತೇವೆ. ಅದು ಬೇರೆ, ಹಕ್ಕಿಜ್ವರ ಬೇರೆ. ಒಂದರ ಲಸಿಕೆ ಇನ್ನೊಂದನ್ನು ತಡೆಯದು. ಆದರೆ ಹಸಿರು ಭೇದಿ, ಉಸಿರಾಟದ ಕಷ್ಟ, ಹಠಾತ್ ಸಾವು ಎರಡರಲ್ಲೂ ಕಾಣಬಹುದು. ಜುಟ್ಟು ನೀಲಿಗಟ್ಟಿ ತಲೆ ಊದಿ ಒಂದೆರಡು ದಿನದಲ್ಲಿ ಹಲವು ಕೋಳಿ ಸತ್ತರೆ ಹಕ್ಕಿಜ್ವರದ ಸಂಶಯ ಹೆಚ್ಚು. ನೋಡಿ ಹೇಳಲು ಯಾರಿಂದಲೂ ಆಗದು, ಮಾದರಿಯನ್ನು ಪ್ರಯೋಗಾಲಯದಲ್ಲೇ ಪರೀಕ್ಷಿಸಬೇಕು.

ಇಲ್ಲಿಯೇ ನಮ್ಮವರು ಹಿಂಜರಿಯುವುದು. ಹೇಳಿದರೆ ಇರುವ ಕೋಳಿಯನ್ನೆಲ್ಲ ಕೊಲ್ಲುತ್ತಾರೆ ಎಂಬ ಭಯದಲ್ಲಿ ಉಳಿದವನ್ನು ರಾತ್ರೋರಾತ್ರಿ ಮಾರಿಬಿಡುತ್ತಾರೆ. ರೋಗ ಖಚಿತವಾದರೆ ಸುತ್ತ ಒಂದು ಕಿಲೋಮೀಟರಿನೊಳಗಿನ ಸಾಕುಹಕ್ಕಿಗಳನ್ನು ಕೊಲ್ಲುವುದು ನಿಜ. ಆದರೆ ಹಾಗೆ ಕೊಂದವಕ್ಕೆ ಪರಿಹಾರ ಸಿಗುತ್ತದೆ. 2021ರಲ್ಲಿ ಕೇರಳ ಸರ್ಕಾರ ಎರಡು ತಿಂಗಳು ದಾಟಿದ ಹಕ್ಕಿಗೆ 200 ರೂಪಾಯಿ, ಮರಿಗೆ 100 ರೂಪಾಯಿ ಘೋಷಿಸಿತ್ತು. ತಾನಾಗಿ ಸತ್ತ ಕೋಳಿಗೆ ಪರಿಹಾರವಿಲ್ಲ. ತಡಮಾಡಿದಷ್ಟೂ ನಷ್ಟ ಸಾಕಿದವನದೇ. ಮಾರಿದ ಕೋಳಿ ಇನ್ನೊಬ್ಬರ ಹಿತ್ತಲಿಗೂ ರೋಗ ಒಯ್ಯುತ್ತದೆ.

ಸತ್ತ ಕೋಳಿಯನ್ನು ಕಾಗೆ, ನಾಯಿ ಮುಟ್ಟದಂತೆ ಬುಟ್ಟಿ ಮುಚ್ಚಿ ಮೃಗಾಸ್ಪತ್ರೆಗೆ ತಿಳಿಸಿ. ಅದನ್ನು ತೋಡಿಗೆ ಎಸೆಯಬೇಡಿ, ಪುಕ್ಕ ಕಿತ್ತು ಸಾರು ಮಾಡಲೂ ಬೇಡಿ. ರೋಗ ಮನುಷ್ಯರಿಗೆ ತಗಲುವುದು ಅಪರೂಪ, ತಗಲಿದರೆ ಅಪಾಯಕಾರಿ. ಮುಟ್ಟಬೇಕಾಗಿ ಬಂದರೆ ಮೂಗುಬಾಯಿಗೆ ಬಟ್ಟೆ ಕಟ್ಟಿ, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿ, ಬಳಿಕ ಸಾಬೂನಿನಿಂದ ತೊಳೆಯಿರಿ. ಆ ಮೇಲೆ ಜ್ವರ, ಕೆಮ್ಮು ಬಂದರೆ ಡಾಕ್ಟರರಿಗೆ ಕೋಳಿಯ ವಿಷಯವನ್ನೂ ಹೇಳಿ. ಆರೋಗ್ಯವಾಗಿರುವ ಕೋಳಿಯ ಮಾಂಸ, ಮೊಟ್ಟೆಯನ್ನು ಚೆನ್ನಾಗಿ ಬೇಯಿಸಿ ತಿನ್ನಲು ಹೆದರಬೇಕಾಗಿಲ್ಲ.