ಏರ್ ಫ್ಲೋ ಸೆನ್ಸರಿನ ಜಾಲರಿ ಕೀಳುವ ಮುನ್ನ

ರಾಯಚೂರು

ಗ್ಯಾರೇಜ್ ಕೆಲಸಕ್ಕೆ ಸೇರಿದ ಚಿರಂಜೀವಿಗೆ ಆಶೀರ್ವಾದಗಳು.

ಏರ್ ಫಿಲ್ಟರ್ ಡಬ್ಬಿಯಿಂದ ಹೊರಟ ಪೈಪಿನಲ್ಲಿ ಕೂರುವ ಚಿಕ್ಕ ಭಾಗವೇ ಏರ್ ಫ್ಲೋ ಸೆನ್ಸರ್. ಮಿಸ್ತ್ರಿಗಳ ಬಾಯಲ್ಲಿ ಅದು ಮ್ಯಾಫ್. ಎಂಜಿನ್ನಿಗೆ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಹೋಗುತ್ತಿದೆ ಎಂದು ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ತಿಳಿಸುವುದು ಅದರ ಕೆಲಸ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹಾಗಾಗಿ ಗಾಳಿಯ ಲೆಕ್ಕ ತಪ್ಪಿದರೆ ಪೆಟ್ರೋಲಿನ ಲೆಕ್ಕವೂ ತಪ್ಪುತ್ತದೆ. ಆದರೂ ಸೆನ್ಸರಿನ ಮುಂದಿರುವ ಜಾಲರಿ ಕಿತ್ತರೆ, ಇಲ್ಲವೇ ಅದನ್ನು ದೊಡ್ಡ ಪೈಪಿಗೆ ಕೂರಿಸಿದರೆ ಗಾಳಿ ಸಲೀಸಾಗಿ ನುಗ್ಗಿ ಪಿಕಪ್ ಹೆಚ್ಚುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ.

ಈ ನಂಬಿಕೆ ಹಳೆಯ ಸೆನ್ಸರುಗಳಿಂದ ಹುಟ್ಟಿರಬಹುದು. 1970ರ ದಶಕದಲ್ಲಿ ಬಂದ ಬಾಷ್ ಎಲ್-ಜೆಟ್ರಾನಿಕ್ ವ್ಯವಸ್ಥೆಯಲ್ಲಿ ಸ್ಪ್ರಿಂಗ್ ಕಟ್ಟಿದ ಒಂದು ಕದವಿತ್ತು. ಗಾಳಿ ಆ ಕದವನ್ನು ತಳ್ಳಿಕೊಂಡೇ ಒಳಗೆ ಹೋಗಬೇಕಿತ್ತು. ಅಲ್ಲಿ ತಡೆ ನಿಜವಾಗಿಯೂ ಇತ್ತು. 1980ರ ದಶಕದಲ್ಲಿ ಬಿಸಿ ತಂತಿಯ ಸೆನ್ಸರ್, ಆಮೇಲೆ ಬಿಸಿ ಫಿಲ್ಮಿನ ಸೆನ್ಸರ್ ಬಂದ ಮೇಲೆ ಕದವೇ ಹೋಯಿತು. ಈಗಿನ ಸೆನ್ಸರಿನಲ್ಲಿ ಬಿಸಿ ಮಾಡಿದ ತೆಳುಪದರವೊಂದನ್ನು ಹಾದುಹೋಗುವ ಗಾಳಿ ತಣಿಸುತ್ತದೆ. ಎಷ್ಟು ತಣಿಯಿತು ಎಂಬುದರ ಮೇಲೆ ಗಾಳಿಯ ತೂಕ ತಿಳಿಯುತ್ತದೆ. ಪೈಪಿಗೆ ಅಡ್ಡವಾಗಿ ಉಳಿದಿರುವುದು ಬೆರಳಗಲದ ಒಂದು ಕಡ್ಡಿ ಮತ್ತು ಕೆಲವು ಕಾರುಗಳಲ್ಲಿ ಒಂದು ಜಾಲರಿ ಮಾತ್ರ.

ಆ ಜಾಲರಿ ಒಡ್ಡುವ ತಡೆ ಎಷ್ಟೆಂದು ಲೆಕ್ಕ ಹಾಕಬಹುದು. 1.2 ಲೀಟರ್ ಎಂಜಿನ್ 6,000 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 50 ಲೀಟರ್ ಗಾಳಿ ಎಳೆಯುತ್ತದೆ. 60 ಮಿಲಿಮೀಟರ್ ಪೈಪಿನಲ್ಲಿ ಆ ಗಾಳಿಯ ವೇಗ ಸೆಕೆಂಡಿಗೆ 18 ಮೀಟರ್ ಆಸುಪಾಸು. ಆ ವೇಗದಲ್ಲಿ ಜಾಲರಿಯಿಂದ ಕಳೆದುಹೋಗುವ ಒತ್ತಡ ಕೆಲವು ನೂರು ಪಾಸ್ಕಲ್, ಅಂದರೆ ಹೊರಗಿನ ವಾತಾವರಣದ ಒತ್ತಡದಲ್ಲಿ ಶೇಕಡಾ ಅರ್ಧದಷ್ಟೂ ಆಗದು. ಅದೂ ಎಕ್ಸಲರೇಟರ್ ಪೂರ್ತಿ ಒತ್ತಿದಾಗಿನ ಮಾತು. ದಿನನಿತ್ಯದ ಓಡಾಟದಲ್ಲಿ ಪೆಟ್ರೋಲ್ ಎಂಜಿನ್ನಿನ ಗಾಳಿಯನ್ನು ತಡೆಯುವುದು ಅರ್ಧ ಮುಚ್ಚಿದ ಥ್ರಾಟಲ್. ಆಗ ಜಾಲರಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಜಾಲರಿ ಇರುವುದು ಅಳತೆಗಾಗಿ. ಬಾಗಿದ ಪೈಪಿನಲ್ಲಿ ಸುಳಿ ತಿರುಗುತ್ತಾ ಬರುವ ಗಾಳಿಯನ್ನು ಅದು ನೇರ ಮಾಡಿ ಸೆನ್ಸರಿಗೆ ಒಪ್ಪಿಸುತ್ತದೆ. ಅದನ್ನು ಕಿತ್ತರೆ ರೀಡಿಂಗ್ ಮೇಲೆ ಕೆಳಗೆ ಆಡಬಹುದು, ಐಡ್ಲಿಂಗ್ ನಡುಗಬಹುದು. ಸೆನ್ಸರನ್ನು ದೊಡ್ಡ ಪೈಪಿಗೆ ಕೂರಿಸಿದರೆ ತೊಂದರೆ ಇನ್ನೂ ದೊಡ್ಡದು. 60ರ ಬದಲು 70 ಮಿಲಿಮೀಟರ್ ಪೈಪ್ ಹಾಕಿದರೆ ಬಾಯಿಯ ವಿಸ್ತೀರ್ಣ 1.36 ಪಟ್ಟು ಆಗುತ್ತದೆ. ಗಾಳಿ ಅಷ್ಟೇ ಹೋದರೂ ಸೆನ್ಸರ್ ಸುಮಾರು ಶೇ. 27 ಕಡಿಮೆ ಹೇಳುತ್ತದೆ. ಸಾಧಾರಣ ಓಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಒಂದಷ್ಟು ಸರಿಪಡಿಸುತ್ತದೆ. ಪೂರ್ತಿ ರೇಸ್ ಕೊಟ್ಟಾಗ ಬಹಳಷ್ಟು ಕಾರುಗಳಲ್ಲಿ ಆ ತಿದ್ದುಪಡಿ ನಿಂತುಬಿಡುತ್ತದೆ. ಆಗ ಪೆಟ್ರೋಲ್ ಸಾಲದೆ ಎಂಜಿನ್ ನಾಕ್ ಆಗುತ್ತದೆ, ಪಿಸ್ಟನ್ ಸುಡುವವರೆಗೂ ಹೋಗಬಹುದು. ಸ್ಕ್ಯಾನರ್ ಹಚ್ಚಿದರೆ ಪಿ0101 (ಮ್ಯಾಫ್ ರೀಡಿಂಗ್ ಸರಿಯಿಲ್ಲ) ಅಥವಾ ಪಿ0171 (ಪೆಟ್ರೋಲ್ ಸಾಲದು) ಕೋಡ್ ಕಾಣಬಹುದು.

ಡೀಸೆಲ್ ಕಾರಿನಲ್ಲಿ ಫಲ ಬೇರೆ. ಅಲ್ಲಿ ಮ್ಯಾಫ್ ಮುಖ್ಯವಾಗಿ, ಸುಟ್ಟ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವನ್ನೂ ಹೊಗೆಯ ಮಿತಿಯನ್ನೂ ನೋಡಿಕೊಳ್ಳುತ್ತದೆ. ರೀಡಿಂಗ್ ಕಡಿಮೆ ಬಂದರೆ, ಗಾಳಿಯೇ ಇಲ್ಲವೆಂದುಕೊಂಡು ಇಸಿಯು ಡೀಸೆಲನ್ನೂ ಕಡಿತ ಮಾಡುತ್ತದೆ. ಪಿಕಪ್ ಹೆಚ್ಚಿಸಲು ಹೋಗಿ ಇದ್ದ ಪಿಕಪ್ಪನ್ನೂ ಕಳೆದುಕೊಂಡಂತಾಗುತ್ತದೆ. ಇನ್ನು ಹಲವು ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ ಮ್ಯಾಫ್ ಇರುವುದೇ ಇಲ್ಲ. ಮ್ಯಾನಿಫೋಲ್ಡಿನ ಒತ್ತಡ ನೋಡುವ ಮ್ಯಾಪ್ ಸೆನ್ಸರ್ ಇರುತ್ತದೆ. ಬಾನೆಟ್ ತೆಗೆದ ಕೂಡಲೇ ಯಾವುದಿದೆ ಎಂದು ಗುರುತಿಸುವುದು ಮೊದಲ ಪಾಠ.

ರಾಯಚೂರು ಸೀಮೆಯಲ್ಲಿ ಗಾಳಿಗೆ ನಿಜವಾದ ತಡೆ ಧೂಳು. ದೇವದುರ್ಗದ ಕಡೆಯ ಎರೆಮಣ್ಣಿನ ಹಾದಿ, ಸುಗ್ಗಿಯಲ್ಲಿ ಮಾನ್ವಿಯ ಭತ್ತದ ಹೊಟ್ಟು, ಜಿನ್ನಿಂಗ್ ಮಿಲ್ಲಿನ ಹತ್ತಿರ ಹಾರುವ ಹತ್ತಿಯ ಎಳೆ, ಶಕ್ತಿನಗರದ ಕಡೆ ಹಾರುಬೂದಿ, ಇವೆಲ್ಲ ಸೇರುವುದು ಏರ್ ಫಿಲ್ಟರಿಗೆ. ಮಡಿಕೆಗಳ ಬುಡದಲ್ಲಿ ಮಣ್ಣು ಗಟ್ಟಿಯಾದ ಫಿಲ್ಟರ್ ಒಡ್ಡುವ ತಡೆ ಜಾಲರಿಯದಕ್ಕಿಂತ ಎಷ್ಟೋ ಪಟ್ಟು. ಇಂಥ ಕಡೆ ಕಂಪನಿ ಹೇಳಿದ ಕಿಲೋಮೀಟರಿಗೆ ಕಾಯದೆ ಮೊದಲೇ ಫಿಲ್ಟರ್ ಬದಲಿಸಬೇಕು. ಎಣ್ಣೆ ಸವರುವ ಬಟ್ಟೆಯ ಫಿಲ್ಟರ್ ಹಾಕಿದರೆ, ಎಣ್ಣೆ ಹೆಚ್ಚಾದಾಗ ಅದರ ಪಸೆ ಮ್ಯಾಫ್ ಮೇಲೆ ಕೂತು, ಅದಕ್ಕೆ ಧೂಳು ಅಂಟಿ ರೀಡಿಂಗ್ ಕೆಡಬಹುದು.

ಎರಡನೆಯ ತಡೆ ಬಿಸಿಲು. 45 ಡಿಗ್ರಿಯ ಗಾಳಿ 15 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 9ರಷ್ಟು ಹಗುರ. ಗ್ರಿಲ್ ಹತ್ತಿರದಿಂದ ಹೊರಗಾಳಿ ತರುವ ಪೈಪ್ ಮುರಿದು ಬಾನೆಟ್ ಒಳಗಿನ 65 ಡಿಗ್ರಿಯ ಗಾಳಿ ಒಳಹೋದರೆ ಇನ್ನೂ ಶೇ. 6 ಕಳೆದಂತೆ. ಬಾನೆಟ್ ಒಳಗೆ ತೆರೆದ ಕೋನ್ ಫಿಲ್ಟರ್ ಹಾಕಿದರೂ ಇದೇ ಪಾಡು. ಆ ಪೈಪ್ ಸರಿಮಾಡುವುದರಿಂದ ಸಿಗುವ ಲಾಭ ಜಾಲರಿ ಕಿತ್ತರೆ ಸಿಗುವುದಕ್ಕಿಂತ ಹೆಚ್ಚು.

ಸೆನ್ಸರ್ ಕೊಳೆಯಾಗಿದ್ದರೆ ತೊಳೆಯುವುದಕ್ಕೂ ಕ್ರಮವಿದೆ. ಇಗ್ನಿಷನ್ ಆಫ್ ಮಾಡಿ, ಕಪ್ಲರ್ ಬಿಚ್ಚಿ, ಸೆನ್ಸರ್ ಹೊರತೆಗೆದು, ಮ್ಯಾಫ್ ಕ್ಲೀನರ್ ಸ್ಪ್ರೇ ದೂರದಿಂದ ಹೊಡೆದು ತಾನಾಗಿ ಒಣಗಲು ಬಿಡಬೇಕು. ಬಟ್ಟೆ, ಬ್ರಷ್, ಬೆರಳು ತಾಗಬಾರದು. ಕಾರ್ಬೊರೇಟರ್ ಕ್ಲೀನರ್, ಕಂಪ್ರೆಸರ್ ಗಾಳಿ ಬಳಸಬಾರದು. ಪೈಪಿನ ಕ್ಲಾಂಪ್ ಬಿಗಿಯಾಗಿದೆಯೇ ಎಂದು ಕೊನೆಗೆ ನೋಡಬೇಕು. ಸೆನ್ಸರ್ ದಾಟಿದ ಮೇಲೆ ಸೋರಿ ಒಳಸೇರುವ ಗಾಳಿ ಲೆಕ್ಕಕ್ಕೇ ಬರುವುದಿಲ್ಲ.

ದೊಡ್ಡ ಟರ್ಬೊ ಕೂರಿಸಿದ ರೇಸ್ ಕಾರಿಗೆ ಸೆನ್ಸರ್ ಕೂರುವ ಪೈಪ್, ಅಂದರೆ ಹೌಸಿಂಗ್, ದೊಡ್ಡದು ಬೇಕಾಗಬಹುದು. ಆಗ ಇಸಿಯುವಿನ ಅಳತೆಪಟ್ಟಿಯನ್ನು ಹೊಸದಾಗಿ ಬರೆದು, ಎಂಜಿನ್ನಿನ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಪರೀಕ್ಷಿಸಬೇಕು. ರಸ್ತೆಯ ಕಾರಿಗೆ ಕಾನೂನಿನ ಕಟ್ಟಳೆಯೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಣೆಗಿಂತ ಬೇರೆಯಾಗುವಂಥ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಈ ಶಿಕ್ಷೆ ಬೀಳುವುದು ಕಾರಿನ ಮಾಲೀಕರ ತಲೆಗೆ. ಗಿರಾಕಿ ಜಾಲರಿ ಕೀಳಲು ಕೇಳಿದರೆ ಈ ಲೆಕ್ಕವನ್ನೂ ಕಾನೂನನ್ನೂ ತಿಳಿಸಿ, ಹೊಸ ಫಿಲ್ಟರ್ ಹಾಕಿ ಕಳಿಸುವುದೇ ಸರಿಯಾದ ಕೆಲಸ.

ಇತಿ ಆಶೀರ್ವಾದಗಳೊಂದಿಗೆ,
ದೊಡ್ಡಪ್ಪ