ಬೀಜದ ಗಂಟು ಮತ್ತು ಗೃಹವಿಜ್ಞಾನದ ಪಾಠ



ಈ ಸಲದ ಪಾಠ ಅಡಿಕೆಯ ಕೊಳೆರೋಗದ್ದಲ್ಲ, ಕಾಫಿಯ ಕಾಯಿಕೊರಕದ್ದೂ ಅಲ್ಲ. ಅದು ಮನೆಯಾಕೆಯನ್ನು ಕುರಿತದ್ದು. ಬರೆಯುವವಳು ತೋಟದ ಸೀಮೆಯವಳಲ್ಲ. ಕಂಪ್ಲಿ ಬಳಿಯ ಎಮ್ಮಿಗನೂರಿನ ಸೊಸೆ. ತುಂಗಭದ್ರಾ ಕಾಲುವೆ ನೀರಿನ ಬತ್ತದ ಗದ್ದೆಯವಳು. ಪ್ರೌಢಶಾಲೆಯಲ್ಲಿ ಬಹುಕಾಲ ಗೃಹವಿಜ್ಞಾನ ಕಲಿಸಿದೆ. ಮಗಳನ್ನು ಶಿರಸಿ ಕಡೆಗೆ ಕೊಟ್ಟ ಮೇಲೆ ಅಡಿಕೆಯ ಮನೆಗಳನ್ನೂ ಕಣ್ಣಾರೆ ಕಂಡೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಊಟದ ಮೇಜಿನ ಮೇಲೆ ತಟ್ಟೆ, ಚಮಚ ಜೋಡಿಸುವ ಕ್ರಮವನ್ನು ಹಲಗೆಯ ಮೇಲೆ ಚಿತ್ರ ಬರೆದು ಕಲಿಸುತ್ತಿದ್ದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಅಕ್ಕೋರೆ, ನಮ್ಮನ್ಯಾಗ ಮೇಜು ಇಲ್ಲ. ನಾಟಿ ದಿನ ಉಣ್ಣೋದು ಬದುವಿನ ಮ್ಯಾಲೆ” ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ; ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು.

ಎರಡನೆಯ ಪಾಠ ಮನೆಯಲ್ಲೇ ಆಯಿತು. ಅತ್ತೆಯವರಿಗೆ ಮೈ ಸರಿಯಿಲ್ಲದ ವರ್ಷ ಅಂಗಡಿಯಿಂದ ತಂದ ಬೀಜವನ್ನು ಹಾಗೆಯೇ ಸಸಿಮಡಿಗೆ ಚೆಲ್ಲಿದೆವು. ಮಡಿ ಅಲ್ಲೊಂದು ಇಲ್ಲೊಂದು ತೇಪೆಯಂತೆ ಹುಟ್ಟಿತು. ಮತ್ತೆ ಬೀಜ ತಂದು ಚೆಲ್ಲುವಷ್ಟರಲ್ಲಿ ನಾಟಿ ಹಿಂದೆ ಬಿತ್ತು. ಅತ್ತೆಯವರು ಪ್ರತಿ ವರ್ಷ ಒಂದು ಹಿಡಿ ಕಾಳನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಒಲೆಯ ಪಕ್ಕ ಇಡುತ್ತಿದ್ದರು. ನಾನು ಅದನ್ನು ಏನೋ ಪೂಜೆಯ ಕ್ರಮವೆಂದುಕೊಂಡಿದ್ದೆ! “ಓದಿದಾಕಿ ನೀನು, ನೂರು ಕಾಳು ಎಣಿಸಾಕ ಬರಲಿಲ್ಲೇನು?” ಎಂದರು. ಅಂದೇ ನನಗೆ ನನ್ನ ವಿಷಯದ ಮೊದಲ ಪಾಠವಾಯಿತೆನ್ನಬೇಕು.

ಈ ವಿದ್ಯೆ ಬೆಳೆದ ದೇಶಗಳಲ್ಲೊಂದಾದ ಅಮೆರಿಕದಲ್ಲಿ ಅದು ಹೊಲಕ್ಕೆ ಬೆನ್ನು ಮಾಡಿರಲಿಲ್ಲ. ಅಲ್ಲಿಯ ಮಧ್ಯಭಾಗದಲ್ಲಿ ಅಯೋವಾ ಎಂಬ ಮೆಕ್ಕೆಜೋಳದ ರಾಜ್ಯವಿದೆ. 1881ರಲ್ಲಿ ಅಲ್ಲಿ ಹುಟ್ಟಿದ ಜೆಸ್ಸಿ ಫೀಲ್ಡ್ ರೈತರ ಮಗಳು. 1901ರ ಸುಮಾರಿಗೆ ಹಳ್ಳಿಯ ಶಾಲೆಯ ಉಪಾಧ್ಯಾಯಿನಿಯಾಗಿ, ಪಾಠ ಮುಗಿದ ಮೇಲೆ ಹುಡುಗರಿಗೆ ಜೋಳದ ಕೂಟವನ್ನೂ ಹುಡುಗಿಯರಿಗೆ ಮನೆಗೆಲಸದ ಕೂಟವನ್ನೂ ನಡೆಸಿದರು. 1906ರಿಂದ ಪೇಜ್ ಎಂಬ ಇಡೀ ಜಿಲ್ಲೆಯ ಶಾಲೆಗಳ ಮೇಲ್ವಿಚಾರಣೆ ಇವರ ಕೈಗೆ ಬಂತು. ಕೂಟಗಳು ಎಲ್ಲ ಶಾಲೆಗಳಿಗೂ ಹಬ್ಬಿದವು. ಬೀಜದ ಮೊಳಕೆ ನೋಡುವುದು ಅಲ್ಲಿ ಶಾಲೆಯ ಪಾಠವಾಯಿತು. ಲೆಕ್ಕಗಳು ಹೊಲದಿಂದಲೇ ಬಂದವು. ಮುಂದೆ ಅಮೆರಿಕದ ತುಂಬ ಹರಡಿದ ನಾಲ್ಕು ‘ಎಚ್’ ಕೂಟಗಳ ಮೂಲಗಳಲ್ಲಿ ಇದೂ ಒಂದು. 1917ರಲ್ಲಿ ಮದುವೆಯಾಗಿ ಅದೇ ಜಿಲ್ಲೆಯ ಕ್ಲಾರಿಂಡಾದಲ್ಲಿ ಸಂಸಾರ ಹೂಡಿದ ಈಕೆ 1971ರವರೆಗೆ ಬದುಕಿದ್ದರು. ಅಮೆರಿಕದ 1914ರ ಕೃಷಿ ವಿಸ್ತರಣಾ ಕಾಯಿದೆಯಲ್ಲಿ ಬೇಸಾಯ ಮತ್ತು ಗೃಹವಿಜ್ಞಾನ ಎರಡರ ಹೆಸರೂ ಒಟ್ಟಿಗೇ ಬರುತ್ತವೆ.

ನಮ್ಮಲ್ಲಿ ಈ ನಂಟು ತಡವಾಗಿ ಕೂಡಿತು. ಧಾರವಾಡದಲ್ಲಿ ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯ ಆರಂಭವಾದದ್ದು 1974ರಲ್ಲಿ, ಕೃಷಿ ವಿಶ್ವವಿದ್ಯಾನಿಲಯದ ಅಂಗವಾಗಿ. ಈಗ ಅದರ ಹೆಸರು ಸಮುದಾಯ ವಿಜ್ಞಾನ ಎಂದಾಗಿದೆ. ‘ಗ್ರಾಮೀಣ’ ಎಂಬ ಆ ಮಾತೇ ನನಗೆ ದೊಡ್ಡದಾಗಿ ಕಂಡಿತ್ತು. 1982ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಕರ್ನಾಟಕದಲ್ಲಿ ಮಹಿಳೆಯರ ಮತ್ತು ಯುವಜನರ ತರಬೇತಿ ಯೋಜನೆ ಪ್ರಾರಂಭವಾಯಿತು. ಸಣ್ಣ ಹಿಡುವಳಿಯ ರೈತ ಮಹಿಳೆಯರು ರೈತ ತರಬೇತಿ ಕೇಂದ್ರಗಳಿಗೆ ಬಂದು ಕಲಿತದ್ದು ಹೊಲಿಗೆಯನ್ನಲ್ಲ, ಬೇಸಾಯವನ್ನು. ಮರುವರ್ಷಗಳಲ್ಲಿ ತಮಿಳುನಾಡು, ಒಡಿಶಾಗಳೂ ಇದೇ ದಾರಿ ಹಿಡಿದವು.

ಇನ್ನು ಅತ್ತೆಯವರ ಗಂಟಿನ ವಿಷಯ. ರಾಶಿಯ ಮೇಲೆ, ನಡುವೆ, ತಳದಲ್ಲಿ ಕೈಯಿಟ್ಟು ಕಾಳು ತೆಗೆದು ಬೆರೆಸಿ, ಆರಿಸದೆ ನೂರು ಎಣಿಸಿರಿ. ಆರಿಸಿದರೆ ಪರೀಕ್ಷೆ ಸುಳ್ಳಾಗುತ್ತದೆ. ನಮ್ಮ ಕೈ ತಾನಾಗಿ ದಪ್ಪ ಕಾಳಿನ ಕಡೆಗೇ ಹೋಗುತ್ತದೆ. ಹತ್ತರಂತೆ ಹತ್ತು ಸಾಲಾಗಿ ಒದ್ದೆ ಗೋಣಿತಾಟಿನ ಮೇಲೆ ಹರಡಿ, ಸಡಿಲವಾಗಿ ಸುತ್ತಿ ನೆರಳಿನಲ್ಲಿಡಿ. ತೇವ ಆರಬಾರದು, ನೀರೂ ನಿಲ್ಲಬಾರದು. ಐದನೆಯ ದಿನ ಒಮ್ಮೆ ಬಿಚ್ಚಿ ನೋಡಿ, ಹದಿನಾಲ್ಕನೆಯ ದಿನ ಕೊನೆಯ ಲೆಕ್ಕ ಹಾಕಿ. ಬೇರು, ಮೊಳಕೆ ಎರಡೂ ನೆಟ್ಟಗೆ ಬಂದದ್ದು ಮಾತ್ರ ಲೆಕ್ಕಕ್ಕೆ. ಪ್ರಮಾಣಿತ ಬತ್ತದ ಬೀಜದಲ್ಲಿ ನೂರಕ್ಕೆ 80 ಹುಟ್ಟಬೇಕೆಂಬುದು ನಿಯಮ. ಅದಕ್ಕಿಂತ ತೀರ ಕಡಿಮೆಯಾದರೆ ಬೀಜ ಬದಲಿಸಲು ಇನ್ನೂ ಕಾಲವಿರುವಂತೆ, ಮಡಿ ಹಾಕುವ ಮೂರು ವಾರ ಮೊದಲೇ ಗಂಟು ಕಟ್ಟಿರಿ.

ಮಲೆನಾಡಿನ ತಾಯಂದಿರಿಗೆ ಇಂಥದ್ದು ಹೊಸದೇನೂ ಅಲ್ಲ. ಬೀಜದ ಗೋಟನ್ನು ನೀರಿಗೆ ಹಾಕಿ, ತೊಟ್ಟು ಮೇಲಾಗಿ ನೆಟ್ಟಗೆ ತೇಲುವುದನ್ನೇ ಆರಿಸಬೇಕೆಂದು ವಿಜ್ಞಾನಿಗಳೂ ಹೇಳುತ್ತಾರೆ. ಬೀಗರ ಮನೆಯಲ್ಲಿ ಸುಗ್ಗಿಯ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದು, ಬೆಳಗ್ಗೆ ಐದಕ್ಕೆ ಒಲೆ ಹೊತ್ತಿಸಿದ ಹೆಂಗಸರನ್ನು ನೋಡಿದ್ದೇನೆ. ಚೊಗರಿನ ಹದ ಬಲ್ಲವರು ಅವರು. ರಾಶಿ ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಎಂದು ಆರಿಸುವ ಕಣ್ಣೂ ಅವರದೇ. ಆಳುಗಳ ಸುಲಿಗೆಯ ಕೂಲಿ ಮನೆಯ ಪುಸ್ತಕದಲ್ಲಿ ಬರೆದಿತ್ತು. ಮನೆಯವರು ಸುಲಿದದ್ದು ಎಲ್ಲಿಯೂ ಇರಲಿಲ್ಲ. ಬೀಗರನ್ನು ಕೇಳಿದೆ, “ಅದೆಂಥ ಲೆಕ್ಕ, ಮನೆ ಕೆಲಸವಲ್ಲವೇ?” ಎಂದರು. ಒಳ್ಳೆಯ ಮನುಷ್ಯರು, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ಆದರೆ ಆ ಸಾಲು ಬಿಟ್ಟರೆ ಒಂದು ಕ್ವಿಂಟಾಲ್ ಅಡಿಕೆಗೆ ಬಿದ್ದ ಖರ್ಚು ಎಷ್ಟೆಂದು ಹೇಳುವುದು ಹೇಗೆ? ಖರ್ಚು ಕಡಿಮೆ ಕಂಡು, ಇಲ್ಲದ ಲಾಭ ಇದ್ದಂತೆ ತೋರುತ್ತದೆ. ಆದಕಾರಣ ಬರುವ ಸುಗ್ಗಿಗೆ ಪುಸ್ತಕದಲ್ಲಿ ಇನ್ನೊಂದು ಅಂಕಣ ಗೆರೆ ಎಳೆಯಿರಿ: ಮನೆಯ ಹೆಂಗಸರು ಸುಲಿದ ಡಬ್ಬ, ಕೆಲಸಕ್ಕೆ ಕೂತ ತಾಸು, ಆಳುಗಳಿಗೆ ಬಡಿಸಿದ ಊಟ. ಆಳಿಗೆ ಕೊಡುವ ದರವನ್ನೇ ಅದಕ್ಕೂ ಹಾಕಿರಿ. ಮಗಳು ಕಳೆದ ಸುಗ್ಗಿಯಿಂದ ಬರೆಯಲು ತೊಡಗಿದ್ದಾಳೆ. ಮೊದಲ ತಿಂಗಳ ಮೊತ್ತ ಕಂಡು ಬೀಗರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಕೂಡಿದರಂತೆ.