ಪಕ್ಷಿವೀಕ್ಷಣೆಗೆ ಒಂಟಿಗಣ್ಣಿನ ದುರ್ಬೀನು

ರಂಗನತಿಟ್ಟಿನಲ್ಲಿ ಕಾವೇರಿಯ ದಡದ ಮೇಲೆ ನಿಂತು, ನೂರು ಮೀಟರು ದೂರದ ಬಂಡೆಯ ಮೇಲಿರುವ ಬಿಳಿಯ ಹಕ್ಕಿಯೊಂದನ್ನು ನೋಡುತ್ತಿದ್ದೇವೆಂದು ಭಾವಿಸೋಣ. ಅದು ಬೆಳ್ಳಕ್ಕಿಯ ಜಾತಿಯದೆಂಬುದು ನಿಶ್ಚಯ. ಆದರೆ ಯಾವ ಬೆಳ್ಳಕ್ಕಿ? ಕೊಕ್ಕೂ ಕಾಲೂ ಕಪ್ಪಾಗಿದ್ದು, ಕಾಲ್ಬೆರಳುಗಳು ಮಾತ್ರ ಹಳದಿಯಾಗಿದ್ದರೆ ಅದು ಚಿಕ್ಕ ಬೆಳ್ಳಕ್ಕಿ. ಕೊಕ್ಕು ಹಳದಿಯಾಗಿದ್ದರೆ ದನಗಳ ಹಿಂದೆ ಸುಳಿದಾಡುವ ಗೋವಕ್ಕಿಯೋ ಇನ್ನೊಂದು ಬಗೆಯದೋ ಆಗಿರಬೇಕು. ಹೀಗೆ ಹಕ್ಕಿಯ ಗುರುತೆಲ್ಲ ಅದರ ಬೆರಳಿನ ಬಣ್ಣದಲ್ಲಿ ಅಡಗಿದೆ.

ಆರೋಗ್ಯವಂತನ ಬರಿಗಣ್ಣು ಸುಮಾರಾಗಿ ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲಿನಷ್ಟು ಕೋನವನ್ನು ಬಿಡಿಸಿ ನೋಡಬಲ್ಲುದು. ನೂರು ಮೀಟರು ದೂರದಲ್ಲಿ ಇದು ಹೆಚ್ಚು ಕಡಿಮೆ 29 ಮಿಲಿಮೀಟರಿಗೆ ಸಮ. ಹಕ್ಕಿಯ ಬೆರಳಿನ ದಪ್ಪವಾದರೋ ಒಂದು ಸೆಂಟಿಮೀಟರೂ ಇಲ್ಲ. ಎಂಟು ಪಟ್ಟು ಹಿಗ್ಗಿಸಿ ತೋರಿಸುವ ಗಾಜಿನ ಮೂಲಕ ನೋಡಿದರೆ ಈ 29 ಮಿಲಿಮೀಟರು 4ಕ್ಕಿಂತ ಕಡಿಮೆಗೆ ಇಳಿಯುವುದು. ಬೆರಳಿನ ಹಳದಿ ಕಣ್ಣಿಗೆ ಬೀಳುವುದು.

ದುರ್ಬೀನಿಲ್ಲದೆ ಹತ್ತಿರಕ್ಕೇ ಹೋಗಿ ನೋಡಬಾರದೇ ಎಂದು ಕೇಳಬಹುದು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಈ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಮನುಷ್ಯನು ಸಮೀಪಿಸಿದರೆ ತಾಯಿಹಕ್ಕಿ ಗೂಡನ್ನು ಬಿಟ್ಟೇಳುವುದು. ಮೊಟ್ಟೆ ಮರಿಗಳು ಬಿಸಿಲಿಗೂ ಕಾಗೆಗೂ ಈಡಾಗುವುವು. ದೂರದಲ್ಲಿ ನಿಂತೇ ನೋಡುವುದು ಪಕ್ಷಿವೀಕ್ಷಕನ ಮೊದಲನೆಯ ಧರ್ಮ. ಆ ಧರ್ಮವನ್ನು ಪಾಲಿಸಲು ದುರ್ಬೀನು ನೆರವಾಗುವುದು.

ಜೋಡುಗಣ್ಣಿನ ದುರ್ಬೀನು ಭಾರವೂ ಹೌದು, ಬೆಲೆಯೂ ಹೆಚ್ಚು. ಅದರ ಅರ್ಧಭಾಗವೆನ್ನಬಹುದಾದ ಒಂಟಿಗಣ್ಣಿನ ದುರ್ಬೀನು ಅಂಗಿಯ ಜೇಬಿನಲ್ಲಿ ಅಡಗುವುದು. ಇದರ ಮುಂದಿನ ತುದಿಯಲ್ಲಿ ವಸ್ತುಮಸೂರವೂ, ಕಣ್ಣಿನ ಕಡೆಯಲ್ಲಿ ನೇತ್ರಮಸೂರವೂ ಇರುತ್ತವೆ. ಇಂತಹ ಎರಡು ಉಬ್ಬುಮಸೂರಗಳ ಜೋಡಣೆಯನ್ನು ಕೆಪ್ಲರನು 1611ರಲ್ಲಿಯೇ ವಿವರಿಸಿದನು. ಆದರೆ ಅದರಲ್ಲಿ ಬಿಂಬವು ತಲೆಕೆಳಗಾಗಿ ಕಾಣುವುದು. ಆಕಾಶದ ನಕ್ಷತ್ರಕ್ಕೆ ಇದರಿಂದ ಬಾಧಕವಿಲ್ಲ. ಕೊಂಬೆಯ ಮೇಲಿನ ಹಕ್ಕಿಗೆ ಉಂಟು. ಇಟಲಿಯ ಪೊರೊ ಎಂಬಾತನು 1854ರಲ್ಲಿ ಅಶ್ರಗಗಳ ಒಳಮೈಗಳಿಂದ ಬೆಳಕನ್ನು ಪ್ರತಿಫಲಿಸಿ ಬಿಂಬವನ್ನು ನೆಟ್ಟಗೆ ಮಾಡುವ ಉಪಾಯಕ್ಕೆ ಹಕ್ಕುಪತ್ರ ಪಡೆದನು. ಇಂದಿನ ಚಿಕ್ಕ ದುರ್ಬೀನುಗಳಲ್ಲಿ ಮನೆಯ ಮಾಡಿನಂತೆ ಏಣುಳ್ಳ ಇನ್ನೊಂದು ಬಗೆಯ ಅಶ್ರಗವಿರುವುದರಿಂದ ಕೊಳವೆ ನೇರವಾಗಿಯೇ ಇರುವುದು.

ದುರ್ಬೀನಿನ ಮೇಲೆ 8×25 ಎಂಬಂತೆ ಎರಡು ಅಂಕಗಳನ್ನು ಕೊರೆದಿರುತ್ತಾರೆ. ಮೊದಲನೆಯದು ಎಷ್ಟು ಪಟ್ಟು ಹಿಗ್ಗಿಸುವುದೆಂಬುದನ್ನು ತಿಳಿಸುತ್ತದೆ. ಎರಡನೆಯದು ವಸ್ತುಮಸೂರದ ಅಡ್ಡಳತೆಯನ್ನು ಮಿಲಿಮೀಟರುಗಳಲ್ಲಿ ಹೇಳುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ, ಕಣ್ಣಿನತ್ತ ಹೊರಬರುವ ಬೆಳಕಿನ ಬಿಲ್ಲೆಯ ಅಗಲ ದೊರೆಯುವುದು. 8×25ರಲ್ಲಿ ಇದು ಸುಮಾರು 3 ಮಿಲಿಮೀಟರು, 8×32ರಲ್ಲಿ 4, 8×42ರಲ್ಲಿ 5ಕ್ಕಿಂತ ತುಸು ಹೆಚ್ಚು, 10×25ರಲ್ಲಿ ಎರಡೂವರೆ ಮಾತ್ರ.

ಈ ಲೆಕ್ಕದಿಂದ ಪ್ರಯೋಜನವೇನು? ನಡುಹಗಲಿನಲ್ಲಿ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುವುದು. ಆಗ 3 ಮಿಲಿಮೀಟರಿನ ಬಿಲ್ಲೆ ಧಾರಾಳವಾಗಿ ಸಾಕು. ಹಕ್ಕಿಗಳು ಚುರುಕಾಗಿರುವ ನಸುಕಿನಲ್ಲಿ, ಅಥವಾ ಮಲೆನಾಡಿನ ದಟ್ಟ ಕಾಡಿನ ನೆರಳಿನಲ್ಲಿ, ಪಾಪೆ ಅದಕ್ಕಿಂತ ಅಗಲವಾಗಿ ಹಿಗ್ಗುವುದು. ಆಗ ಚಿಕ್ಕ ಬಿಲ್ಲೆಯ ಬಿಂಬ ಮಂಕಾಗುವುದು. ವಯಸ್ಸಾದಂತೆ ಪಾಪೆಯ ಹಿಗ್ಗುವ ಶಕ್ತಿ ಕುಂದುವುದರಿಂದ, ಮುದುಕರಿಗೆ ದೊಡ್ಡ ಮಸೂರದಿಂದ ಆಗುವ ಲಾಭ ಯುವಕರಿಗೆ ಆಗುವಷ್ಟಿಲ್ಲ.

ಹೆಚ್ಚು ಹಿಗ್ಗಿಸುವುದೇ ಹೆಚ್ಚು ಒಳ್ಳೆಯದೆಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ದುರ್ಬೀನು ಹಕ್ಕಿಯೊಡನೆ ಕೈಯ ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುವುದು. ಅಲ್ಲದೆ ನೋಟದ ಹರವು ಕಿರಿದಾಗುವುದು. ಏಳು ಡಿಗ್ರಿ ಹರವುಳ್ಳ ಗಾಜಿನಲ್ಲಿ ಒಂದು ಕಿಲೋಮೀಟರು ದೂರದಲ್ಲಿ ಸುಮಾರು 122 ಮೀಟರು ಅಗಲದ ಪ್ರದೇಶ ಕಾಣುವುದು. ಐದು ಡಿಗ್ರಿಯಾದರೆ ಸುಮಾರು 87 ಮಾತ್ರ. ಎಲೆಗಳ ನಡುವೆ ಹಾರಾಡುವ ಚಿಕ್ಕ ಹಕ್ಕಿಯನ್ನು ಕಿರಿದಾದ ಹರವಿನಲ್ಲಿ ಹಿಡಿಯುವಷ್ಟರಲ್ಲಿ ಅದು ಹಾರಿಹೋಗಿರುತ್ತದೆ. ಆದುದರಿಂದ ಎಂಟು ಪಟ್ಟೇ ಹೊಸಬನಿಗೆ ಯೋಗ್ಯ.

ಮಾರುಕಟ್ಟೆಯಲ್ಲಿ 40×60 ಎಂದು ಬರೆದ ಅಂಗೈಯಗಲದ ದುರ್ಬೀನುಗಳೂ ಅಗ್ಗವಾಗಿ ದೊರೆಯುತ್ತವೆ. ಅಂತಹ ಅಂಕಗಳನ್ನು ನಂಬುವ ಮೊದಲು ಎರಡು ಪರೀಕ್ಷೆಗಳನ್ನು ಮಾಡಬೇಕು. ಮುಂದಿನ ಮಸೂರದ ಮೇಲೆ ಅಳತೆಪಟ್ಟಿಯನ್ನಿಟ್ಟು ಅಡ್ಡಳತೆಯನ್ನು ನೋಡುವುದು ಒಂದು. ಇನ್ನೊಂದು, ಸ್ವಲ್ಪ ದೂರದ ಇಟ್ಟಿಗೆಯ ಗೋಡೆಯನ್ನು ಒಂದು ಕಣ್ಣಿನಿಂದ ದುರ್ಬೀನಿನ ಮೂಲಕವೂ, ಮತ್ತೊಂದರಿಂದ ಬರಿದಾಗಿಯೂ ಏಕಕಾಲದಲ್ಲಿ ನೋಡುವುದು. ಹಿಗ್ಗಿದ ಒಂದು ಇಟ್ಟಿಗೆಯ ಉದ್ದ ಬರಿಗಣ್ಣಿಗೆ ಕಾಣುವ ಎಷ್ಟು ಇಟ್ಟಿಗೆಗಳನ್ನು ಮುಚ್ಚುವುದೋ, ಅಷ್ಟೇ ಪಟ್ಟು ಆ ದುರ್ಬೀನಿನ ನಿಜವಾದ ಶಕ್ತಿ.

ಗಾಜಿನ ಗುಣವನ್ನೂ ಗಮನಿಸಬೇಕು. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯಲ್ಲಿಯೂ ಬೆಳಕಿನ ನೂರರಲ್ಲಿ ಸುಮಾರು 4 ಪಾಲು ಪ್ರತಿಫಲನವಾಗಿ ನಷ್ಟವಾಗುವುದು. ಅಂತಹ ಹತ್ತು ಮೈಗಳನ್ನು ದಾಟುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಬೆಳಕು ಮಾತ್ರ ಉಳಿಯುವುದು. 1935ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯಲ್ಲಿ ಸ್ಮಾಕುಲಾ ಎಂಬ ವಿಜ್ಞಾನಿಯು ತೆಳುವಾದ ಲೇಪದಿಂದ ಈ ನಷ್ಟವನ್ನು ತಗ್ಗಿಸುವ ಕ್ರಮವನ್ನು ರೂಪಿಸಿದನು. ಎಲ್ಲ ಮೈಗಳಿಗೂ ಹಲವು ಪದರಗಳ ಲೇಪವಿರುವುದನ್ನೇ ಆರಿಸುವುದು ಲೇಸು. ಕನ್ನಡಕ ಧರಿಸುವವರು ಕಣ್ಣನ್ನು ಸುಮಾರು 15 ಮಿಲಿಮೀಟರು ದೂರವಿಟ್ಟರೂ ಪೂರ್ತಿ ನೋಟ ಕಾಣುವುದೇ ಎಂದು ಪರೀಕ್ಷಿಸಬೇಕು. ಮಳೆನಾಡಿನವರಿಗೆ ನೀರು ಹೊಗದಂತೆ ಮುಚ್ಚಿ, ಒಳಗೆ ಒಣ ನೈಟ್ರೊಜನ್ ಅನಿಲ ತುಂಬಿದ ದುರ್ಬೀನು ತಕ್ಕುದು. ಅದರ ಒಳಗಾಜಿಗೆ ಮಂಜು ಕವಿಯುವುದಿಲ್ಲ.

ಒಂಟಿಗಣ್ಣಿನ ದುರ್ಬೀನಿಗೆ ಕೊರತೆಯಿಲ್ಲವೆಂದಲ್ಲ. ದಿನವಿಡೀ ನೋಡುವವರಿಗೆ ಕಣ್ಣು ದಣಿಯುವುದು; ಎರಡು ಕಣ್ಣುಗಳ ನೋಟದ ನೆಮ್ಮದಿ ಇದರಲ್ಲಿ ಸಿಕ್ಕದು. ಅಂತಹವರು ಜೋಡುಗಣ್ಣಿನದನ್ನೇ ಕೊಳ್ಳುವುದು ಉಚಿತ. ದಾರಿಯಲ್ಲಿ, ಹೊಲದಲ್ಲಿ, ಕೆರೆಯ ಏರಿಯ ಮೇಲೆ ಆಗೀಗ ನೋಡುವವರಿಗೆ 8×25 ಸಾಕು. ನಸುಕಿನಲ್ಲಿಯೂ ಕಾಡಿನಲ್ಲಿಯೂ ತಿರುಗುವವರು ಭಾರವನ್ನು ಸಹಿಸಿ 8×32 ಅಥವಾ 8×42 ಕೊಳ್ಳಬೇಕು.

ಬಳಸುವ ಕ್ರಮ ಸುಲಭ. ಹಕ್ಕಿಯ ಮೇಲಿಟ್ಟ ದೃಷ್ಟಿಯನ್ನು ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರಬೇಕು. ಮೊಣಕೈಗಳನ್ನು ಎದೆಗೆ ಒತ್ತಿಕೊಂಡರೆ, ಇಲ್ಲವೇ ಮರಕ್ಕೆ ಒರಗಿದರೆ ನಡುಕ ತಗ್ಗುವುದು. ಎಂದಿಗೂ ಸೂರ್ಯನತ್ತ ತಿರುಗಿಸಕೂಡದು. ಕ್ಷಣಮಾತ್ರದ ನೋಟದಿಂದಲೂ ಕಣ್ಣಿಗೆ ಶಾಶ್ವತವಾದ ಹಾನಿಯಾದೀತು.

ಇಷ್ಟನ್ನು ತಿಳಿದು ಮತ್ತೆ ನದಿಯ ದಡಕ್ಕೆ ಬರೋಣ. ಬಂಡೆಯ ಮೇಲಿನ ಹಕ್ಕಿ ಒಂದು ಕಾಲನ್ನು ನೀರಿನಿಂದ ಮೆಲ್ಲನೆ ಎತ್ತುತ್ತದೆ. ಕರಿಯ ಕಾಲಿನ ತುದಿಯಲ್ಲಿ ಹಳದಿಯ ಬೆರಳುಗಳು ಕಾಣುತ್ತವೆ. ಅದು ಚಿಕ್ಕ ಬೆಳ್ಳಕ್ಕಿ. ನಾವು ಗುರುತಿಸಿದೆವು, ಅದು ಬೆದರಲಿಲ್ಲ.